ಒಂದು ಗುದ್ದಿಗೆ ಎಂಬತ್ತು ಡಾಲರ್

ನಮ್ಮ ಹುಬ್ಬಳ್ಳಿಯಲ್ಲಿ ಹೊಡೆದಾಟ ನೋಡಲು ಯಾರೂ ದುಡ್ಡು ಕೇಳುತ್ತಿರಲಿಲ್ಲ. ಬಸ್ ನಿಲ್ದಾಣದ ಮುಂದೆ ಇಬ್ಬರು ಆಟೋದವರು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದರೆ ನಿಂತು ನೋಡುವುದು, ಪೊಲೀಸರು ಬಂದರೆ ಏನೂ ಕಂಡಿಲ್ಲ ಅನ್ನುವಂತೆ ಹೊರಡುವುದು, ಅಷ್ಟೇ. ಅಲ್ಲಿ ಬೆಳೆದ ನಾನು ಮುಂದೆ ಡಾಲಸ್ ಪಕ್ಕದ ಲಾಸ್ ಕೊಲಿನಾಸ್‌ನಲ್ಲಿ ಒಂದು ಕೇಬಲ್ ಟೀವಿ ಕಂಪನಿ ಸೇರಿದೆ. ಹೊಡೆದಾಟ ನೋಡಲು ದುಡ್ಡು ಕೊಟ್ಟು, ನೋಡಿಯಾದ ಮೇಲೆ ಅದೇ ದುಡ್ಡನ್ನು ವಾಪಸ್ ಕೇಳುವ ಜನರ ಜೊತೆ ಫೋನಿನಲ್ಲಿ ಮಾತಾಡುವುದೇ ನನ್ನ ಕೆಲಸ. ನಿವೃತ್ತಿಯವರೆಗೂ ಅದೇ ಕುರ್ಚಿ. ಕುರ್ಚಿಯ ಚಕ್ರ ಮಾತ್ರ ಎರಡು ಸಲ ಬದಲಾಯಿತು.

ಈಗ ಇದನ್ನು ಬರೆಯುವುದಕ್ಕೆ ಕಾರಣ ಅನಘಾ. ನನ್ನ ಗೆಳತಿಯ ಸೊಸೆ, ಡಾಲಸ್ ಹತ್ತಿರದ ಫ್ರಿಸ್ಕೋದಲ್ಲಿದ್ದಾಳೆ. ಹೋದ ತಿಂಗಳು ಒಂದು ಸ್ಟ್ರೀಮಿಂಗ್ ಕಂಪನಿಯಲ್ಲಿ ಅವಳಿಗೆ ಇದೇ ಬಗೆಯ ಕೆಲಸ ಸಿಕ್ಕಿತು. ಆಂಟಿ, ಆ ಕೆಲಸದಲ್ಲಿ ನಿಜವಾಗಿ ಏನಿರುತ್ತದೆ ಎಂದು ಕೇಳಿದಳು. ಟ್ರೈನಿಂಗಿನಲ್ಲಿ ತೋರಿಸಿದ ಚಿತ್ರಗಳಲ್ಲೆಲ್ಲ ಒಬ್ಬಳು ಹೆಡ್‌ಸೆಟ್ ಹಾಕಿಕೊಂಡು ಹಲ್ಲು ಕಿರಿಯುತ್ತ ಕೂತಿದ್ದಾಳಂತೆ. ಇಷ್ಟು ವರ್ಷದಲ್ಲಿ ನಾನು ಆ ಹೆಣ್ಣುಮಗಳನ್ನು ಯಾವ ಆಫೀಸಿನಲ್ಲೂ ಕಂಡಿಲ್ಲ.

ಮೊದಲು ವ್ಯಾಪಾರ ಏನು ಅಂತ ಹೇಳುತ್ತೇನೆ. ಇಲ್ಲಿ ತಿಂಗಳಿಗೊಮ್ಮೆ ಟೀವಿಗೆ ಕಟ್ಟುವ ದುಡ್ಡಿನಲ್ಲಿ ದೊಡ್ಡ ಬಾಕ್ಸಿಂಗ್ ಪಂದ್ಯಗಳು ಬರುವುದಿಲ್ಲ. ಅದಕ್ಕೆ ಬೇರೆ ದುಡ್ಡು. ಒಂದು ಪಂದ್ಯ, ಒಂದು ದಿನ, ಎಂಬತ್ತು ಡಾಲರ್. ಹೆಸರು ದೊಡ್ಡದಾದರೆ ಇನ್ನೂ ಮೇಲೆ. ಇದಕ್ಕೆ ಪೇ-ಪರ್-ವ್ಯೂ ಎನ್ನುತ್ತಾರೆ. ಎಂಬತ್ತು ಡಾಲರ್ ಒಬ್ಬನಿಗೆ ಭಾರ. ಆದ್ದರಿಂದ ಒಬ್ಬನ ಮನೆಯಲ್ಲಿ ಹತ್ತು ಹದಿನೈದು ಮಂದಿ ಸೇರಿ ತಲೆಗಿಷ್ಟು ಅಂತ ಹಾಕುತ್ತಾರೆ, ಮಾಂಸ ಸುಡುತ್ತಾರೆ, ಬಿಯರ್ ತರುತ್ತಾರೆ. ಇಷ್ಟೆಲ್ಲ ಆದ ಮೇಲೆ ಮುಖ್ಯ ಪಂದ್ಯದ ಮೊದಲ ಸುತ್ತಿನಲ್ಲೇ ಒಬ್ಬ ಇನ್ನೊಬ್ಬನ ದವಡೆಗೆ ಒಂದು ಬಿಟ್ಟರೆ ಮುಗಿಯಿತು. ಒಂದು ಗುದ್ದು, ಎಂಬತ್ತು ಡಾಲರ್. ಪಂದ್ಯ ಶನಿವಾರ, ನಮ್ಮ ಯುದ್ಧ ಸೋಮವಾರ.

ನನಗೆ ಕೆಲಸ ಕಲಿಸಿದವಳು ಡಾರ್ಲೀನ್. ಪಶ್ಚಿಮ ಟೆಕ್ಸಸ್‌ನ ಯಾವುದೋ ಸಣ್ಣ ಊರಿನವಳು. ತಲೆಗೂದಲನ್ನು ಸ್ಪ್ರೇ ಹೊಡೆದು ಗೋಪುರದ ಹಾಗೆ ನಿಲ್ಲಿಸುತ್ತಿದ್ದಳು, ಬೈಗುಳದಲ್ಲಿ ಪಂಡಿತೆ. ಮೊದಲ ದಿನವೇ ಅವಳು ಹೇಳಿದ್ದು, ಸಾರಿ ಅನ್ನಬೇಡ. ಸಾರಿ ಎಂದರೆ ತಪ್ಪು ನಮ್ಮದು, ತಪ್ಪು ನಮ್ಮದಾದರೆ ದುಡ್ಡು ಅವರದು. ನಾನೋ ಕುರ್ಚಿಗೆ ಕಾಲು ತಗುಲಿದರೂ ಕುರ್ಚಿಯನ್ನು ಮುಟ್ಟಿ ನಮಸ್ಕಾರ ಮಾಡುವವಳು. ಮೊದಲ ವಾರ ನಾನು ಅಂದ ಸಾರಿಗಳಿಂದ ಕಂಪನಿ ಮುಳುಗದೆ ಉಳಿದದ್ದೇ ಹೆಚ್ಚು. ಡಾರ್ಲೀನ್ ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು, ಸಾರಿ ಬಾಯಿಗೆ ಬಂದಾಗಲೆಲ್ಲ ಸ್ಕೇಲಿನಿಂದ ಮೇಜಿಗೆ ಬಡಿಯುತ್ತಿದ್ದಳು.

ಆ ಕಾಲದ ಒಂದು ಕರೆ ಹೇಳಬೇಕು. ಹೂಸ್ಟನ್‌ನ ಒಬ್ಬ ಲಾರಿ ಡ್ರೈವರ್. ಹಿತ್ತಲಿನಲ್ಲಿ ಮಾಂಸ ತಿರುವಿಹಾಕಲು ಎದ್ದುಹೋಗಿ ಬರುವಷ್ಟರಲ್ಲಿ ಪಂದ್ಯ ಮುಗಿದಿತ್ತು. ಅವನ ವಾದ ಸರಳ: ಹನ್ನೆರಡು ಸುತ್ತಿಗೆ ದುಡ್ಡು ಕೊಟ್ಟಿದ್ದೇನೆ, ನೀವು ಕೊಟ್ಟದ್ದು ಒಂದು, ಉಳಿದ ಹನ್ನೊಂದರದ್ದು ವಾಪಸ್ ಕೊಡಿ. ನಮ್ಮ ನಿಯಮವೂ ಸರಳ: ಚಿತ್ರ ನಿಂತುಹೋದರೆ ದುಡ್ಡು ವಾಪಸ್, ಮನುಷ್ಯ ಬಿದ್ದರೆ ಇಲ್ಲ. ಅವನು ಬಿಡಲೊಲ್ಲ. ಕೊನೆಗೆ ನಾನು, ಅಪ್ಪಾ, ನಿನ್ನ ಮದುವೆಯಲ್ಲಿ ಪಾದ್ರಿ ಐದೇ ನಿಮಿಷಕ್ಕೆ ಮಂತ್ರ ಮುಗಿಸಿದರೆ ಛತ್ರದ ಬಾಡಿಗೆ ಕಡಿಮೆ ಮಾಡುತ್ತಾರೆಯೇ ಎಂದು ಕೇಳಿದೆ. ಅವನು, ನನ್ನ ಮದುವೆಯ ದುಡ್ಡೂ ವಾಪಸ್ ಬರಬೇಕಾಗಿತ್ತು ಎಂದು ಹೇಳಿ ಫೋನ್ ಇಟ್ಟ. ಡಾರ್ಲೀನ್ ಅಂದಿನಿಂದ ನನ್ನ ಪಕ್ಕ ಕೂರುವುದನ್ನು ನಿಲ್ಲಿಸಿದಳು.

ಇನ್ನೊಬ್ಬ ಆಸ್ಟಿನ್‌ನವನು. ಅವನ ಫೋನ್ ಶನಿವಾರ ಸಂಜೆಯೇ ಬಂತು. ಚಿತ್ರ ತಡೆದು ತಡೆದು ಬರುತ್ತಿದೆ, ಕೂಡಲೇ ಸರಿಮಾಡಿ ಎಂದ. ಅವನದು ಮನೆ ಬಳಕೆಗೆಂದು ಕೊಟ್ಟ ಕನೆಕ್ಷನ್. ಇದೇ ಪಂದ್ಯವನ್ನು ಬಾರಿನಲ್ಲಿ ತೋರಿಸಬೇಕಾದರೆ ಸಾವಿರಾರು ಡಾಲರ್ ಪರವಾನಗಿ ಬೇಕು. ಅವನ ಹಿಂದೆ ಸಂತೆಯಂಥ ಗದ್ದಲ. ಮನೆಯಲ್ಲಿ ಎಷ್ಟು ಜನ ಇದ್ದೀರಿ ಸ್ವಾಮಿ ಎಂದೆ. ನಾನು, ನನ್ನ ಹೆಂಡತಿ ಎಂದ. ಅಷ್ಟರಲ್ಲಿ ಹಿಂದಿನಿಂದ ಯಾರೋ ಆರನೇ ಟೇಬಲ್ಲಿಗೆ ಎರಡು ಬಿಯರ್ ಎಂದು ಕೂಗಿದರು. ಹೆಂಡತಿಗೆ ಬಾಯಾರಿಕೆ ಜಾಸ್ತಿ ಇರಬೇಕು ಎಂದೆ. ಚಿತ್ರ ತಾನಾಗಿಯೇ ಸರಿಹೋಯಿತು ಎಂದು ಹೇಳಿ ಫೋನ್ ಇಟ್ಟುಬಿಟ್ಟ. ಚಿತ್ರವನ್ನು ಅಷ್ಟು ಬೇಗ ನಮ್ಮ ಎಂಜಿನಿಯರುಗಳೂ ಎಂದೂ ಸರಿಮಾಡಿರಲಿಲ್ಲ.

ನಮ್ಮ ಜನ ಬಾಕ್ಸಿಂಗ್ ನೋಡುವುದಿಲ್ಲ, ಅವರದೇನಿದ್ದರೂ ಕ್ರಿಕೆಟ್ ಎಂದು ನಾನು ನಂಬಿಕೊಂಡಿದ್ದೆ. ಆ ನಂಬಿಕೆ ಕೆಡಿಸಿದವರು ಮೈಸೂರಿನ ಒಬ್ಬ ನಿವೃತ್ತ ಮೇಷ್ಟ್ರು. ಅವರ ಅಳಿಯ ಶ್ರೀನಿವಾಸ ಫ್ರಿಸ್ಕೋದಿಂದ ಫೋನ್ ಮಾಡಿದ. ನನ್ನ ಹೆಸರು ಕೇಳಿದ್ದೇ ಇಂಗ್ಲಿಷ್ ಬಿಟ್ಟು, “ಕನ್ನಡದೋರಾ ಆಂಟಿ? ಹಾಗಾದ್ರೆ ಬದುಕ್ದೆ” ಎಂದ. ಸಂಗತಿ ಇಷ್ಟು. ಊರಿಂದ ಬಂದ ಮಾವನವರು ಟೀವಿಯ ಸದ್ದು ಹೆಚ್ಚು ಮಾಡಲು ಹೋಗಿ ಬೇರೆ ಗುಂಡಿ ಒತ್ತಿ ಪಂದ್ಯವನ್ನು ಕೊಂಡುಬಿಟ್ಟಿದ್ದಾರೆ. ಕೈತಪ್ಪಿ ಕೊಂಡದ್ದಕ್ಕೆ ದುಡ್ಡು ವಾಪಸ್ ಕೊಡುವ ನಿಯಮ ನಮ್ಮಲ್ಲಿ ಇತ್ತು, ಆದರೆ ಕೂಡಲೇ ಬಂದ್ ಮಾಡಿರಬೇಕು. ನನ್ನ ಮುಂದಿನ ಪರದೆ ನೋಡಿದರೆ ಆ ಮನೆಯ ಟೀವಿ ಮೊದಲ ಪಂದ್ಯದಿಂದ ಕೊನೆಯ ಮಾತುಕತೆಯವರೆಗೂ ಚಾಲೂ ಇತ್ತು. ಅದನ್ನು ಹೇಳಿದೆ. ಶ್ರೀನಿವಾಸ ದನಿ ಇಳಿಸಿ, ಮಾವನವರು ಸಂಧ್ಯಾವಂದನೆಗೂ ಏಳಲಿಲ್ಲ ಎಂದು ಒಪ್ಪಿಕೊಂಡ.

ಆಗ ಮೇಷ್ಟ್ರೇ ಫೋನ್ ಇಸಕೊಂಡರು. ಅವರಿಗೆ ದುಡ್ಡಿನ ಚಿಂತೆ ಇರಲಿಲ್ಲ. “ನೋಡಮ್ಮಾ, ಆ ಕೆಂಪು ಚಡ್ಡಿ ಹುಡುಗನಿಗೆ ತುಂಬಾ ಅನ್ಯಾಯ ಆಗಿದೆ. ಅಂಕ ಹಾಕಿದೋರು ಕಣ್ಣುಮುಚ್ಚಿ ಹಾಕಿದಾರೆ. ಮರುಮೌಲ್ಯಮಾಪನಕ್ಕೆ ಅರ್ಜಿ ಎಲ್ಲಿ ಕೊಡ್ಬೇಕು?”

ಅಂಥ ವ್ಯವಸ್ಥೆ ಇಲ್ಲ ಎಂದಾಗ ಅವರಿಗಾದ ಬೇಸರ ಅಷ್ಟಿಷ್ಟಲ್ಲ. ಎಸ್ಸೆಸ್ಸೆಲ್ಸಿಗೇ ಇದೆಯಲ್ಲಮ್ಮ ಎಂದರು. ದುಡ್ಡು ವಾಪಸ್ ಹೋಗಲಿಲ್ಲ. ಶ್ರೀನಿವಾಸ ಟೀವಿಗೆ ಬೀಗದ ಸಂಖ್ಯೆ ಹಾಕಿದ. ಮುಂದಿನ ಪಂದ್ಯದ ಹೊತ್ತಿಗೆ ಮೇಷ್ಟ್ರು ನಮ್ಮ ಆಫೀಸಿಗೆ ಫೋನ್ ಮಾಡಿ, ನನ್ನನ್ನೇ ಕೇಳಿ ಕರೆಸಿಕೊಂಡು, ಬೀಗ ತೆಗೆಯುವ ಬಗೆ ಹೇಳಿಕೊಡು ಎಂದು ಕೂತರು. ಹೇಳಿಕೊಡಲಿಲ್ಲ. ಒಂದು ಮನೆ ಒಡೆದ ಪಾಪ ನನಗೇಕೆ?

ಕೆಲಸದ ರೀತಿ ಬದಲಾಗುತ್ತ ಹೋಯಿತು. ಮೊದಲು ಜನ ಪಂದ್ಯ ಕೊಳ್ಳುವುದಕ್ಕೂ ನಮಗೇ ಫೋನ್ ಮಾಡುತ್ತಿದ್ದರು, ಆಮೇಲೆ ರಿಮೋಟ್ ಒತ್ತಿದರು, ಆಮೇಲೆ ಮೊಬೈಲು. ಈಗಂತೂ ಅರ್ಧ ಊರು ಪಕ್ಕದ ಮನೆಯವನ ಪಾಸ್‌ವರ್ಡಿನಲ್ಲಿ ನೋಡುತ್ತದೆ, ಇನ್ನರ್ಧ ಕಳ್ಳ ಲಿಂಕಿನಲ್ಲಿ. ಕಳ್ಳ ಲಿಂಕು ಕೆಟ್ಟುಹೋದರೂ ನಮಗೇ ಫೋನ್ ಮಾಡಿ ಬೈದವರಿದ್ದಾರೆ. ನನ್ನ ಕೊನೆಯ ವರ್ಷಗಳಲ್ಲಿ ಉತ್ತರ ಕೊಡಲು ಯಂತ್ರವನ್ನೇ ತಂದರು. ಒಬ್ಬ ಗಿರಾಕಿ ಅದಕ್ಕೆ, ನಮ್ಮವನು ಎರಡೇ ನಿಮಿಷಕ್ಕೆ ಬಿದ್ದ, ಆಮೇಲೆ ಏಳಲೇ ಇಲ್ಲ ಎಂದು ಬರೆದ. ಯಂತ್ರ, ಪ್ಲಗ್ ತೆಗೆದು ಮೂವತ್ತು ಸೆಕೆಂಡ್ ಬಿಟ್ಟು ಮತ್ತೆ ಹಾಕಿ ನೋಡಿ ಎಂದಿತು. ಸಲಹೆ ಅಷ್ಟೇನೂ ಕೆಟ್ಟದ್ದಲ್ಲ.

ಯಂತ್ರ ತಂದವನು ಕೈಲ್. ಡಾರ್ಲೀನ್ ನಿವೃತ್ತಳಾದ ಮೇಲೆ ಬಂದ ಮ್ಯಾನೇಜರ್, ನನ್ನ ಮಗನಿಗಿಂತ ಚಿಕ್ಕವನು. ಕೆಟ್ಟವನಲ್ಲ. ಆದರೆ ಅವನ ಪಾಲಿಗೆ ಕರೆ ಎಂದರೆ ಮುಗಿಸಬೇಕಾದ ಕೆಲಸ, ಮಾತಲ್ಲ. ಅತಿ ಉದ್ದನೆಯ ಕರೆಗಳ ಪಟ್ಟಿಯಲ್ಲಿ ಪ್ರತಿ ವಾರ ನನ್ನ ಹೆಸರೇ ಮೇಲೆ. ಇದನ್ನು ಸಾಧನೆ ಎಂದು ತಿಳಿದು ನಾನು ಮೊದಮೊದಲು ಮನೆಯಲ್ಲಿ ಹೇಳಿಕೊಂಡಿದ್ದೆ.

ಅನಘಾ, ಮುಂದಿನದ್ದು ನಿನಗೆ ಹೇಳಬೇಕೆಂದೇ ಇಷ್ಟು ಬರೆದೆ.

ಒಂದು ಸೋಮವಾರ ಹೂಸ್ಟನ್‌ನಿಂದ ಲೂಪೆ ಎಂಬಾಕೆಯ ಫೋನ್ ಬಂತು. ವಯಸ್ಸಾದ ದನಿ, ಇಂಗ್ಲಿಷಿನ ನಡುವೆ ಸ್ಪ್ಯಾನಿಷ್. ಹೋಟೆಲೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಶನಿವಾರದ ಪಂದ್ಯಕ್ಕೆ ಅವಳೂ ಎಂಬತ್ತು ಡಾಲರ್ ಕೊಟ್ಟಿದ್ದಳು. ಅವಳು ದೊಡ್ಡ ಹೆಸರಿನವರನ್ನು ನೋಡಲು ಕೊಟ್ಟದ್ದಲ್ಲ. ಮುಖ್ಯ ಪಂದ್ಯಕ್ಕೆ ಮುಂಚೆ, ಜನ ಇನ್ನೂ ಕುರ್ಚಿ ಹುಡುಕುತ್ತಿರುವಾಗ, ಹೆಸರಿಲ್ಲದ ಹುಡುಗರ ನಾಲ್ಕು ನಾಲ್ಕು ಸುತ್ತಿನ ಸಣ್ಣ ಪಂದ್ಯಗಳು ನಡೆಯುತ್ತವೆ. ಅವುಗಳಲ್ಲೊಂದರಲ್ಲಿ ಅವಳ ಮಗ ಡ್ಯಾನಿ ಆಡುವವನಿದ್ದ. ಟೀವಿಯಲ್ಲಿ ಅವನ ಮೊದಲ ಪಂದ್ಯ. ಪಂದ್ಯ ನಡೆದದ್ದು ದೂರದ ಊರಿನಲ್ಲಿ. ಹೋಗಿ ಬರಲು ಅವಳಿಗೆ ರಜೆಯೂ ಇಲ್ಲ, ದುಡ್ಡೂ ಇಲ್ಲ. ಹೆತ್ತ ಮಗ ಹೊಡೆತ ತಿನ್ನುವುದನ್ನು ನೋಡಲು ಹೆತ್ತವಳೇ ಎಂಬತ್ತು ಡಾಲರ್ ಕಟ್ಟಬೇಕು ಎನ್ನುವುದು ಆವತ್ತಿನವರೆಗೂ ನನ್ನ ತಲೆಗೆ ಹೊಳೆದಿರಲಿಲ್ಲ.

ಅಕ್ಕಪಕ್ಕದವರನ್ನೂ ಚರ್ಚಿನವರನ್ನೂ ಅವಳು ಕರೆದಿದ್ದಳು. ಟಮಾಲೆ ಮಾಡಿದ್ದಳು, ಮೆಕ್ಕೆಜೋಳದ ಹಿಟ್ಟನ್ನು ಅದರ ಸಿಪ್ಪೆಯಲ್ಲೇ ಸುತ್ತಿ ಬೇಯಿಸುವ, ನಮ್ಮ ಕಡುಬಿನಂಥದ್ದು. ಎಲ್ಲರೂ ಬಂದು ಕೂತರು. ಅಷ್ಟರಲ್ಲಿ ಬಿರುಗಾಳಿಗೆ ಅವಳ ಬಡಾವಣೆಯ ಕೇಬಲ್ ಹೋಯಿತು. ಪರದೆ ನೀಲಿ. ಮತ್ತೆ ಬಂದಾಗ ಡ್ಯಾನಿಯ ಪಂದ್ಯ ಮುಗಿದಿತ್ತು. ಬಂದವರು ಉಂಡರು, ಮುಖ್ಯ ಪಂದ್ಯ ನೋಡಿದರು, ಹೋದರು. ಹೋಗುವಾಗ ಒಬ್ಬಳು, ನಿನ್ನ ಮಗ ನಿಜವಾಗಿಯೂ ಇದರಲ್ಲಿದ್ದನೇ ಎಂದು ಕೇಳಿದಳಂತೆ.

ಮಾರನೇ ದಿನ ಮಗ ಬಂದ. ಹುಬ್ಬಿಗೆ ಹೊಲಿಗೆ, ಒಂದು ಕಣ್ಣು ಮುಚ್ಚಿಹೋಗಿತ್ತು. ಸೋತೆ ಎಂದ. ಹೋಗಿ ಮಲಗಿಬಿಟ್ಟ.

ದುಡ್ಡು ವಾಪಸ್ ಕೊಡಿಸುತ್ತೇನೆ ಎಂದು ನಾನು ಶುರುಮಾಡಿದೆ. ಅವಳು ತಡೆದಳು. “ದುಡ್ಡು ಬೇಡ. ನನ್ನ ಮಗನಿಗೆ ಅಲ್ಲಿ ಏನು ಮಾಡಿದ್ರು ಅಂತ ನನಗೆ ತೋರಿಸು.”

ಮರುಪ್ರಸಾರದಲ್ಲಿ ಸಣ್ಣ ಪಂದ್ಯಗಳನ್ನು ಕತ್ತರಿಸಿ ತೆಗೆದಿದ್ದರು. ಕೈಲ್ ಹತ್ತಿರ ಹೋದೆ. ಮುಖ್ಯ ಪಂದ್ಯ ಪೂರ್ತಿ ಕಂಡಿದೆ, ಆದ್ದರಿಂದ ನಮ್ಮ ಕಡೆಯಿಂದ ಲೋಪವಿಲ್ಲ ಎಂದ. ಬೇಕಾದರೆ ಒಂದು ಸಿನಿಮಾ ಬಿಟ್ಟಿ ನೋಡುವ ಕೂಪನ್ ಕೊಡು ಎಂದ. ಅವಳು ಕೇಳಿದ್ದು ಮಗನನ್ನು, ಸಿನಿಮಾವನ್ನಲ್ಲ ಎಂದೆ. ಅವನು ಮೃದುವಾಗಿಯೇ ಹೇಳಿದ: ಇದು ನಮ್ಮ ಕೆಲಸವಲ್ಲ, ಗಿರಾಕಿಯನ್ನು ಆಫೀಸಿನ ಫೋನ್ ಬಿಟ್ಟು ಬೇರೆ ರೀತಿ ಸಂಪರ್ಕಿಸಿದರೆ ಕೆಲಸ ಹೋಗುತ್ತದೆ, ನಿನಗೆ ಗೊತ್ತಿರಲಿ. ಗೊತ್ತಿತ್ತು. ನಿವೃತ್ತಿ ಹತ್ತಿರದಲ್ಲೇ ಇತ್ತು; ಆ ವಯಸ್ಸಿನಲ್ಲಿ ಕೆಲಸ ಹೋದರೆ ಇನ್ನೊಂದು ಸಿಗುವುದಿಲ್ಲ ಎನ್ನುವುದೂ ಗೊತ್ತಿತ್ತು.

ಸಂಜೆ ಅಲೆನ್ ಊರಿನ ನಮ್ಮ ಮನೆಗೆ ಬಂದು ಡಾರ್ಲೀನ್‌ಗೆ ಫೋನ್ ಮಾಡಿದೆ. ಅವಳು ಮೊದಲು ಕೈಲ್‌ನನ್ನೂ ಅವನ ವಂಶವನ್ನೂ ಬೈದು ಗಂಟಲು ಸರಿಮಾಡಿಕೊಂಡಳು. ಆಮೇಲೆ, ಪಂದ್ಯ ನಡೆಸುವವರ ಹತ್ತಿರ ಎಲ್ಲದರ ಚಿತ್ರವೂ ಇರುತ್ತದೆ, ಆಡಿದ ಹುಡುಗ ತಾನೇ ಕೇಳಿದರೆ ಅವನಿಗೆ ಪ್ರತಿ ಕೊಡುತ್ತಾರೆ ಎಂದಳು. ಅಲ್ಲಿ ಯಾರನ್ನು ಕೇಳಬೇಕೆಂದೂ ಹೇಳಿದಳು. ನಾನು ಅದನ್ನು ನನ್ನ ಸ್ವಂತ ಫೋನಿನಿಂದಲೇ ಲೂಪೆಗೆ ತಿಳಿಸಿದೆ.

ಎರಡು ದಿನದ ಮೇಲೆ ಡ್ಯಾನಿ ಫೋನ್ ಮಾಡಿದ. ಬೈಯುತ್ತಾನೆ ಎಂದುಕೊಂಡೆ. ಅವನು ಬಹಳ ಹೊತ್ತು ತಡವರಿಸಿ, ಅಮ್ಮ ರಾತ್ರಿ ಮಲಗುತ್ತಿಲ್ಲ ಎಂದ. ನನ್ನ ಮುಖ ನೋಡಿದ್ದಾಳೆ, ಪಂದ್ಯ ನೋಡಿಲ್ಲ, ಆದ್ದರಿಂದ ಅವಳ ತಲೆಯೊಳಗೆ ನಾನು ದಿನಾ ಬೇರೆ ಬೇರೆ ರೀತಿಯಲ್ಲಿ ಸಾಯುತ್ತಿದ್ದೇನೆ ಎಂದ. ಪ್ರತಿ ತರಿಸಲು ಅವನು ಒಪ್ಪಿದ. ಆದರೆ ತಾನು ಪಕ್ಕದಲ್ಲಿ ಕೂತು ಅದನ್ನು ಮತ್ತೊಮ್ಮೆ ನೋಡಲಾರ. ಚರ್ಚಿನವರ ಮುಂದೆ ನೋಡಲು ಅವಳಿಗೆ ಮನಸ್ಸಿಲ್ಲ.

“ಒಬ್ಳೇ ನೋಡ್ಬಾರ್ದು. ನೀವು ಬರ್ತೀರಾ?” ಎಂದ.

ನಮ್ಮ ಯಜಮಾನರಿಗೆ ಎಲ್ಲ ಹೇಳಿದೆ. ಕೆಲಸ ಹೋಗಬಹುದು ಎಂದೂ ಹೇಳಿದೆ. ಅವರು ಮೊಸರನ್ನ ಕಲಸುವುದನ್ನು ನಿಲ್ಲಿಸದೆ, “ನೌಕರಿ ಹೋದ್ರ ಹೋಗ್ಲಿ. ಹೂಸ್ಟನ್ ತನಕಾ ಡ್ರೈವ್ ಯಾರು ಮಾಡಾವ್ರು, ಅದನ್ನ ಹೇಳು” ಎಂದರು.

“ನೀವ ರೀ” ಎಂದೆ.

ಪ್ರತಿ ಬಂದ ಮೇಲೆ ಒಂದು ಭಾನುವಾರ ಹೊರಟು ಮಧ್ಯಾಹ್ನದ ಹೊತ್ತಿಗೆ ಲೂಪೆಯ ಮನೆ ಮುಟ್ಟಿದೆವು. ಹೊರಗೆ ಡ್ಯಾನಿ ಹಳೆಯ ಪಿಕಪ್ ಗಾಡಿಯ ಬಾನೆಟ್ ಎತ್ತಿಕೊಂಡು ನಿಂತಿದ್ದ. ಹುಡುಗ ತೆಳ್ಳಗೆ, ನಾಚಿಕೆಯವನು. ಇವನು ಯಾರನ್ನಾದರೂ ಹೊಡೆಯಬಲ್ಲ ಎಂದರೆ ನಂಬಲಾಗದು. ನಮ್ಮವರು ಕಾರಿನಿಂದ ಇಳಿದವರು ಸೀದಾ ಬಾನೆಟ್‌ನೊಳಗೆ ತಲೆ ಹಾಕಿದರು. ಇಬ್ಬರಿಗೂ ಒಳಗೆ ಬರದಿರಲು ಅದೊಂದು ನೆವ ಸಾಕಾಯಿತು.

ಲೂಪೆ ನಾನು ಊಹಿಸಿದ್ದಕ್ಕಿಂತ ಗಿಡ್ಡ. ಕೈಗಳು ಸೋಪಿನಲ್ಲಿ ನೆಂದು ನೆಂದು ಬೆಳ್ಳಗಾಗಿದ್ದವು. ಟೀವಿ ಚಾಲೂ ಮಾಡಿ ಅವಳು ತನ್ನ ಕುರ್ಚಿಯನ್ನು ಎತ್ತಿ ತಿರುಗಿಸಿ, ಟೀವಿಗೆ ಬೆನ್ನು ಮಾಡಿ, ಅಡುಗೆಮನೆಯ ಗೋಡೆಯ ಕಡೆ ಮುಖಮಾಡಿ ಕೂತಳು.

“ನೀನು ನೋಡು. ನೋಡಿ ನನಗೆ ಹೇಳು” ಎಂದಳು.

ನಾಚಿಕೆಯ ಮಾತು, ಇಷ್ಟು ವರ್ಷ ಬಾಕ್ಸಿಂಗಿನ ಅನ್ನ ತಿಂದ ನಾನು ಒಂದು ಪಂದ್ಯವನ್ನೂ ಪೂರ್ತಿ ನೋಡಿದವಳಲ್ಲ. ಯಾವ ಹೊಡೆತಕ್ಕೆ ಏನು ಹೆಸರು ಎಂದೂ ಗೊತ್ತಿಲ್ಲ. ಪರದೆಯಲ್ಲಿ ಹಿಂದಿನ ಕುರ್ಚಿಗಳು ಖಾಲಿ ಖಾಲಿ, ಯಾರೋ ಪಾಪ್‌ಕಾರ್ನ್ ಹಿಡಿದು ದಾಟಿಹೋಗುತ್ತಿದ್ದಾರೆ, ನಡುವೆ ಡ್ಯಾನಿ ಮತ್ತು ಇನ್ನೊಬ್ಬ ಹುಡುಗ. ನಾನು ಕಂಡದ್ದನ್ನು ಕಂಡ ಹಾಗೆ ಹೇಳತೊಡಗಿದೆ. ಸುತ್ತ ತಿರುಗುತ್ತಿದ್ದಾನೆ. ಹೊಡೆದ. ತಪ್ಪಿಸಿಕೊಂಡ. ಮತ್ತೆ ಹೊಡೆದ. ಮೊದಲ ಸುತ್ತು ಮುಗಿಯುವಷ್ಟರಲ್ಲಿ ನನ್ನ ಇಂಗ್ಲಿಷ್ ಹೋಗಿ ಕನ್ನಡ ಬರುತ್ತಿತ್ತು. ಬಡಿ, ಬಡಿ ಅವನ್ನ ಎಂದು ನಾನು ಅನ್ನುತ್ತಿದ್ದದ್ದು ನನಗೇ ಕೇಳಿಸಿತು. ಲೂಪೆ ಏನೆಂದು ಕೇಳಲಿಲ್ಲ.

ಎರಡನೆಯ ಸುತ್ತಿನಲ್ಲಿ ಅವನು ಹೊಡೆತ ತಿಂದ. ಹುಬ್ಬು ಒಡೆದು ರಕ್ತ ಬಂತು. ಇನ್ನೊಂದು ಬಿತ್ತು, ಮೊಣಕಾಲು ಮಡಚಿ ನೆಲಕ್ಕೆ ಕುಸಿದ. ನನ್ನ ಬಾಯಿ ಕಟ್ಟಿಹೋಯಿತು. ಸುಳ್ಳು ಹೇಳಬಹುದಿತ್ತು. ಅವಳಿಗೆ ಗೋಡೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

“ನೀನು ಸುಮ್ಮನಾದೆ” ಎಂದಳು ಲೂಪೆ.

“ಬಿದ್ದ” ಎಂದೆ.

ಅವಳು ಅಲುಗಲಿಲ್ಲ. ರೆಫರಿ ಬೆರಳು ತೋರಿಸಿ ಎಣಿಸುತ್ತಿದ್ದ. ಅವಳೂ ತುಟಿಯಲ್ಲೇ ಎಣಿಸುತ್ತಿದ್ದಳೋ, ಪ್ರಾರ್ಥನೆ ಮಾಡುತ್ತಿದ್ದಳೋ, ಬೆನ್ನ ಹಿಂದಿನಿಂದ ನನಗೆ ತಿಳಿಯಲಿಲ್ಲ.

“ಎದ್ದ” ಎಂದೆ. “ಎದ್ದು ನಿಂತ. ತಲೆ ಅಲ್ಲಾಡಿಸಿದ. ಮತ್ತೆ ಹೋಗ್ತಿದಾನೆ.”

ಆಗ ಲೂಪೆ ಎದ್ದಳು. ಕುರ್ಚಿಯನ್ನು ತಿರುಗಿಸಿ ನನ್ನ ಪಕ್ಕಕ್ಕೆ ಎಳೆದುಕೊಂಡು ಟೀವಿಯ ಕಡೆ ಮುಖಮಾಡಿ ಕೂತಳು. ಉಳಿದ ಎರಡು ಸುತ್ತನ್ನು ಇಬ್ಬರೂ ಕೂತು ನೋಡಿದೆವು. ಡ್ಯಾನಿ ಹೊಡೆದದ್ದಕ್ಕಿಂತ ತಿಂದದ್ದೇ ಹೆಚ್ಚು, ಆದರೆ ಮತ್ತೆ ಬೀಳಲಿಲ್ಲ. ಒಮ್ಮೆ ಅವನು ಆ ಹುಡುಗನನ್ನು ಹಗ್ಗದ ತನಕ ಅಟ್ಟಿಕೊಂಡು ಹೋದಾಗ ಲೂಪೆಯ ಉಗುರು ನನ್ನ ಮುಂಗೈಗೆ ಇಳಿದದ್ದು ಸಂಜೆಯವರೆಗೂ ಕಾಣುತ್ತಿತ್ತು.

ರೆಫರಿ ಇನ್ನೊಬ್ಬನ ಕೈ ಎತ್ತಿದ. ಡ್ಯಾನಿ ಹೋಗಿ ಅವನನ್ನು ಅಪ್ಪಿಕೊಂಡ. ಆಮೇಲೆ ಹಗ್ಗದ ಹತ್ತಿರ ಬಂದು, ತೆರೆದಿದ್ದ ಒಂದೇ ಕಣ್ಣಿನಿಂದ ಕ್ಯಾಮೆರಾ ಎಲ್ಲಿದೆ ಎಂದು ಹುಡುಕಿ, ಗ್ಲೌಸ್ ಹಾಕಿದ್ದ ಕೈಯನ್ನು ಎತ್ತಿ ಬೀಸಿದ. ಆ ಹೊತ್ತಿಗೆ ಅಮ್ಮ ಮನೆ ತುಂಬ ಜನ ಕೂಡಿಸಿಕೊಂಡು ತನ್ನನ್ನು ನೋಡುತ್ತಿದ್ದಾಳೆ ಎಂದೇ ಅವನು ತಿಳಿದಿದ್ದ.

ಲೂಪೆಯೂ ಕೈ ಎತ್ತಿ ಟೀವಿಗೆ ಬೀಸಿದಳು. ಅವನು ಪರದೆಯಿಂದ ಮರೆಯಾಗುವವರೆಗೂ ಬೀಸಿದಳು. ಆಮೇಲೆ ಎದ್ದು ಹೋಗಿ ಬಾಗಿಲು ತೆಗೆದು, ಹೊರಗಿದ್ದ ಮಗನನ್ನು ಊಟಕ್ಕೆ ಕರೆದಳು.